ಗುಲಾಮನೇ ದೊಡ್ಡವನು

ನಮ್ಮ ಅಜ್ಜಿಯ ಇಸ್ಪೀಟಿನ ಕಟ್ಟಿನಲ್ಲಿ ಆಟೀನು ಏಳು ಇರಲಿಲ್ಲ. ಅದರ ಜಾಗದಲ್ಲಿ ಯಾರದೋ ಲಗ್ನಪತ್ರಿಕೆಯಿಂದ ಅಳತೆಗೆ ಕತ್ತರಿಸಿಟ್ಟ ಒಂದು ತುಂಡು ಇತ್ತು. ಒಂದು ಬದಿಯಲ್ಲಿ ಕೆಂಪು ಮಸಿಯಿಂದ 7 ಎಂದು ಬರೆದಿತ್ತು. ಇನ್ನೊಂದು ಬದಿಯಲ್ಲಿ 'ಸಕುಟುಂಬ ಪರಿವಾರ ಸಮೇತ' ಎಂಬಷ್ಟು ಅಚ್ಚು ಉಳಿದಿತ್ತು. ಹೀಗಾಗಿ ಆ ಎಲೆ ಯಾರ ಕೈಯಲ್ಲಿದೆ ಎಂಬುದು ಆಟಕ್ಕೆ ಕೂತವರಿಗೆಲ್ಲ ಗೊತ್ತು. ಇಪ್ಪತ್ತೆಂಟರ ಆಟದಲ್ಲಿ ಏಳಕ್ಕೆ ಬೆಲೆಯೇ ಇಲ್ಲವಾದ್ದರಿಂದ ಯಾರೂ ಅದನ್ನೊಂದು ದೊಡ್ಡ ವಿಷಯ ಮಾಡುತ್ತಿರಲಿಲ್ಲ.

ಆ ಕಟ್ಟು ಇರುತ್ತಿದ್ದದ್ದು ಅಡಿಗೆಮನೆಯಲ್ಲಿ, ಮೆಂತ್ಯದ ಡಬ್ಬಿಯ ತಳದಲ್ಲಿ. ಇಷ್ಟು ಗುಟ್ಟಿಗೆ ಕಾರಣವಿತ್ತು. ನಮ್ಮದು ಮುಳಬಾಗಿಲು ತಾಲ್ಲೂಕಿನ ಗಡಿಯ ಹಳ್ಳಿ. ಮನೆಯೊಳಗೆ ಇಸ್ಪೀಟು ಕಾಲಿಡಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ನಾನು ಹುಟ್ಟುವುದಕ್ಕೆ ಮೊದಲು, ಒಂದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ರಾತ್ರಿ, ಅಪ್ಪನ ಚಿಕ್ಕಪ್ಪ ಅಂದರ್-ಬಾಹರ್ ಆಟಕ್ಕೆ ಕೂತವರು ಬೆಳಗಾಗುವ ಹೊತ್ತಿಗೆ ಎರಡು ಎಕರೆ ಮಾವಿನ ತೋಪನ್ನು ಬರೆದುಕೊಟ್ಟು ಎದ್ದಿದ್ದರು. ತೋಪು ಮತ್ತೆ ನಮ್ಮ ಕೈಗೆ ಬರಲಿಲ್ಲ. ಪ್ರತಿ ವರ್ಷ ಕಾಯಿ ಇಳಿಸಿದ ಮೇಲೆ ಆ ತೋಪಿನ ಗಾಡಿಗಳು ನಮ್ಮ ಮನೆಯ ಮುಂದಿನಿಂದಲೇ ಹೋಗಬೇಕಾಗಿತ್ತು. ಗಾಡಿಯ ಸದ್ದು ಕೇಳಿದೊಡನೆ ಅಪ್ಪ ಜಗುಲಿಯಿಂದ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅದು ಯಾಕೆಂದು ತಿಳಿಯುತ್ತಿರಲಿಲ್ಲ. ತಿಳಿದ ಮೇಲೆ ನಾನೂ ಆ ಹೊತ್ತಿಗೆ ಅವರ ಮುಖ ನೋಡುವುದನ್ನು ಬಿಟ್ಟೆ.

ಅಂದರ್-ಬಾಹರ್ ಅರಿಯದವರಿಗಾಗಿ ಎರಡು ಮಾತು. ಒಂದು ಎಲೆ ತೆಗೆದು ತೋರಿಸುತ್ತಾರೆ. ಆಮೇಲೆ ಒಳಗೆ ಒಂದು, ಹೊರಗೆ ಒಂದು ಎಂದು ಎಲೆ ಹಾಕುತ್ತಾ ಹೋಗುತ್ತಾರೆ. ಅದರ ಜೊತೆಯ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ದುಡ್ಡು ಕಟ್ಟಿದವನು ಗೆದ್ದ. ಆಡುವವನು ಮಾಡಬೇಕಾದದ್ದು ಏನೂ ಇಲ್ಲ. ಅಜ್ಜಿ ಅದನ್ನು ಆಟವೆಂದೇ ಒಪ್ಪುತ್ತಿರಲಿಲ್ಲ. "ಅದೇನು ಎಲೆ ಆಟಾನೇನೇ? ಕಣ್ಣು ಕಟ್ಕೊಂಡೋನೂ ಆಡ್ಬೋದು. ಎಲೆ ಆಟ ಅಂದ್ರೆ ಯಾವ್ದು ಬಿತ್ತು, ಯಾವ್ದು ಉಳೀತು ಅನ್ನೋ ಗ್ಯಾನ ಇರ್ಬೇಕು" ಎನ್ನುತ್ತಿದ್ದಳು. ತೋಪು ಕಳೆದವನು ಅವಳ ಮೈದುನನೇ. ಆದರೂ ಆ ನಷ್ಟಕ್ಕಾಗಿ ತನ್ನ ಆಟವನ್ನು ಬಿಡಬೇಕೆಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ.

ಅಪ್ಪ ಹೊಲಕ್ಕೋ ಸಂತೆಗೋ ಹೋದ ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಮೂವರು ಬರುತ್ತಿದ್ದರು. ಹುಣಸೇಹಣ್ಣು ಬಿಡಿಸುವ ಕಾಲದಲ್ಲಂತೂ ಅದಕ್ಕೆ ಒಳ್ಳೆಯ ನೆಪ ಸಿಕ್ಕುತ್ತಿತ್ತು. ಒಂದು ಗಂಟೆ ಹಣ್ಣು ಬಿಡಿಸುವುದು, ಒಂದು ಗಂಟೆ ಎಲೆ. ಲೆಕ್ಕ ಇಡುವುದಕ್ಕೆ ಹುಣಸೇಬೀಜ. ಆಟ ಮುಗಿದ ಮೇಲೆ ಗೆದ್ದ ಬೀಜ, ಸೋತ ಬೀಜ ಎಲ್ಲವೂ ಮತ್ತೆ ಒಂದೇ ಮೊರಕ್ಕೆ. ಯಾರಾದರೂ ಬಾರದಿದ್ದರೆ ನಾಲ್ಕನೆಯ ಕೈಯಾಗಿ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಹತ್ತು ವರ್ಷ ತುಂಬುವುದರೊಳಗೆ ನಾನು ಇಪ್ಪತ್ತೆಂಟು ಕಲಿತಿದ್ದೆ.

ಐವತ್ತೆರಡು ಎಲೆಗಳಲ್ಲಿ ಎರಡರಿಂದ ಆರರವರೆಗಿನವನ್ನು ತೆಗೆದಿಟ್ಟರೆ ಮೂವತ್ತೆರಡು ಉಳಿಯುತ್ತವೆ. ಎದುರುಬದುರು ಕೂತವರು ಜೊತೆ. ಮೊದಲು ನಾಲ್ಕು ಎಲೆ ಹಂಚಿ, ಅಷ್ಟನ್ನೇ ನೋಡಿಕೊಂಡು ಹರಾಜಿನಂತೆ ಕೂಗಬೇಕು. ಹದಿನಾಲ್ಕು, ಹದಿನೈದು, ಹದಿನಾರು. ಹೆಚ್ಚು ಕೂಗಿದವರು ಒಂದು ಎಲೆಯನ್ನು ಬೋರಲು ಹಾಕಿ ತುರುಪು ಇಡುತ್ತಾರೆ. ಆಮೇಲೆ ಉಳಿದ ನಾಲ್ಕು ಎಲೆ. ಆ ಬೋರಲು ಎಲೆ ಏನೆಂಬುದು ಇಟ್ಟವರಿಗೆ ಮಾತ್ರ ಗೊತ್ತು. ಬಿದ್ದ ಬಣ್ಣ ತನ್ನ ಕೈಯಲ್ಲಿ ಇಲ್ಲದವರು 'ತುರುಪು ತೋರಿಸಿ' ಎಂದು ಕೇಳುವವರೆಗೂ ಅದು ಗುಟ್ಟು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಒಂದು ಬಣ್ಣಕ್ಕೆ ಏಳು, ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ರಾಜನಿಗೂ ರಾಣಿಗೂ ಸೊನ್ನೆ. ಗುಲಾಮ ಬಿದ್ದರೆ ರಾಜ ತೆಪ್ಪಗೆ ಅವನ ಹಿಂದೆ ಹೋಗಬೇಕು. ನಮ್ಮ ಅಜ್ಜಿ ಗುಲಾಮನನ್ನು ಚಾಪೆಗೆ ಬಡಿದು ಹಾಕುತ್ತಿದ್ದ ಸದ್ದು ಬೀದಿಗೆ ಕೇಳಿಸೀತೆಂದು ಅಮ್ಮ ಹೆದರಿ ಕದ ಹಾಕುತ್ತಿದ್ದಳು.

ಗುಲಾಮ ಯಾಕೆ ದೊಡ್ಡವನಾದ ಎಂದು ನಾನು ಕೇಳಿದ್ದೆ. "ದುಡಿಯೋನು ಅವನಲ್ವಾ" ಎಂದಿದ್ದಳು. ಆಗ ಆ ಉತ್ತರ ಸಾಕಾಗಿತ್ತು. ಮುಂದೆ ಬಿ.ಎ.ದಲ್ಲಿ ಚರಿತ್ರೆ ಓದಿ, ಮೇಷ್ಟರಾಗಿ, ಮಕ್ಕಳಿಗೆ ಪಾಠ ಹೇಳತೊಡಗಿದ ಮೇಲೆ ಆ ಪ್ರಶ್ನೆ ಮತ್ತೆ ಎದ್ದು ಕೂತಿತು. ಸುಳಿವು ಇದ್ದದ್ದು ಅಜ್ಜಿಯ ಬಾಯಲ್ಲೇ.

ಅವಳು ನಾಲ್ಕು ಬಣ್ಣಗಳಿಗೆ ಹೇಳುತ್ತಿದ್ದ ಹೆಸರುಗಳನ್ನೇ ನೋಡಿ: ಇಸ್ಪೀಟು, ಆಟೀನು, ಕಳಾವರು, ಡೈಮನ್ನು. ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಸೀಮೆಯಲ್ಲಿ ಎರಡು ಭಾಷೆಗೂ ಇವೇ ಹೆಸರುಗಳು. ಇಂಗ್ಲಿಷರಿಂದ ನಮಗೆ ಇಸ್ಪೀಟು ಬಂತೆಂದು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಮೂರೆಲೆಯ ಹೂವಿನಂಥ ಕಪ್ಪು ಗುರುತನ್ನು ಇಂಗ್ಲಿಷರು 'ಕ್ಲಬ್ಸ್' ಎನ್ನುತ್ತಾರೆ, ಎಂದರೆ ದೊಣ್ಣೆ. ಅದನ್ನು 'ಕ್ಲಾವರ್' ಎನ್ನುವವರು ಡಚ್ಚರು. ಹೃದಯದ ಗುರುತಿಗೆ ಡಚ್ಚರಲ್ಲಿ 'ಹಾರ್ಟನ್'. ನಮ್ಮ ಆಟೀನಿಗೆ ಇದಕ್ಕಿಂತ ಹತ್ತಿರದ ನೆಂಟ ಬೇಕೆ? ತುರುಪಿಗೆ ಅವರ ಮಾತು 'ಟ್ರೂಫ್'. ಇಸ್ಪೀಟು ಮಾತ್ರ ಕತ್ತಿ ಎಂಬರ್ಥದ ಪೋರ್ಚುಗೀಸ್ 'ಎಸ್ಪಾದ'ದ ಬಳ್ಳಿಗೆ ಸೇರಿದ್ದು. ಇಂಗ್ಲಿಷಿನ 'ಸ್ಪೇಡ್' ಸಹ ಆ ಬಳ್ಳಿಯದೇ. ನಾಲ್ಕರಲ್ಲಿ ಒಂದು ಬಣ್ಣದ ಹೆಸರು ನಮ್ಮಲ್ಲಿ ಇಡೀ ಕಟ್ಟಿಗೆ, ಇಡೀ ಆಟಕ್ಕೆ ಅಂಟಿಕೊಂಡಿತು. ಡೈಮನ್ನು ಇಂಗ್ಲಿಷರದು. ಹೀಗೆ ಸಮುದ್ರದ ಮೇಲೆ ಬಂದ ಮೂರು ಜನಾಂಗಗಳು ಸಮುದ್ರವನ್ನೇ ಕಾಣದ ನಮ್ಮ ಅಜ್ಜಿಯ ನಾಲಿಗೆಯ ಮೇಲೆ ಕೂತಿದ್ದವು.

ಡಚ್ಚರು ನಮಗೆ ಅಷ್ಟೇನೂ ದೂರದವರಲ್ಲ. ಈಗಿನ ಚೆನ್ನೈಗೆ ಉತ್ತರದಲ್ಲಿರುವ ಪುಲಿಕಾಟಿನಲ್ಲಿ ಅವರು 1613ರಲ್ಲಿ ಕೋಟೆ ಕಟ್ಟಿದರು. 1825ರಲ್ಲಿ ಆ ತೀರದ ನೆಲೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಪಶ್ಚಿಮದಲ್ಲಿ ಕೊಚ್ಚಿ 1663ರಿಂದ 1795ರವರೆಗೆ ಅವರ ಕೈಯಲ್ಲಿತ್ತು. ಸಿಂಹಳವೂ ಬಹುಕಾಲ ಅವರದಾಗಿತ್ತು. ಇಪ್ಪತ್ತೆಂಟು ಇಂದಿಗೂ ಕೇರಳದಲ್ಲಿ ಮನೆಮನೆಯ ಆಟ. ಅದರ ಅಣ್ಣನಾದ ಮುನ್ನೂರ ನಾಲ್ಕು ತಮಿಳುನಾಡಿನಲ್ಲಿಯೂ ಶ್ರೀಲಂಕಾದಲ್ಲಿಯೂ ಇದೆ. ಡಚ್ಚರ ನಾಡಿನಲ್ಲಿ 'ಕ್ಲಾವರ್‌ಯಾಸ್' ಎಂಬ ಆಟವುಂಟು. ಅದರಲ್ಲಿಯೂ ಮೂವತ್ತೆರಡೇ ಎಲೆ, ತುರುಪಿನ ಬಣ್ಣದಲ್ಲಿ ಗುಲಾಮನೇ ಎಲ್ಲರಿಗೂ ಮೇಲೆ, ಅವನ ಬೆನ್ನಿಗೆ ಒಂಬತ್ತು. ನಮ್ಮ ಆಟಗಳು ಆ ಯೂರೋಪಿನ ಕುಟುಂಬದ ಕವಲುಗಳೆಂದು ಎಲೆಯಾಟದ ಚರಿತ್ರೆ ಬರೆದವರು ಭಾವಿಸುತ್ತಾರೆ. ಅಲ್ಲಿ ತುರುಪಿನ ಗುಲಾಮನಿಗೆ ಮಾತ್ರ ಸಿಕ್ಕ ಪದವಿ ಇಲ್ಲಿ ನಾಲ್ವರು ಗುಲಾಮರಿಗೂ ಸಿಕ್ಕಿತು.

ಮುನ್ನೂರ ನಾಲ್ಕು ನಮ್ಮ ಮನೆಗೆ ಬಂದದ್ದು ಸೋದರಮಾವನ ಮೂಲಕ. ಅವರು ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದರು. ಪಾಳಿ ಮುಗಿಸಿ ಮೇಲೆ ಬಂದ ತಮಿಳು ಸ್ನೇಹಿತರ ಲೈನ್‌ಮನೆಗಳ ಮುಂದೆ ಕೂತು ಕಲಿತಿದ್ದರಂತೆ. ಗುಲಾಮನಿಗೆ 30, ಒಂಬತ್ತಕ್ಕೆ 20, ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 3, ರಾಣಿಗೆ 2. ಕೂಡಿದರೆ 76, ನಾಲ್ಕರಿಂದ ಗುಣಿಸಿದರೆ 304. ಈ ಲೆಕ್ಕವನ್ನು ಅವರು ನನ್ನ ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು. ಅಪ್ಪ ಬಂದು, 'ಗಣಿತ ಹೇಳಿಕೊಡುತ್ತಿದ್ದೀಯಾ, ಒಳ್ಳೆಯದು' ಎಂದು ಮೆಚ್ಚಿ ಹೋದರು. ಮಾವ ಗಂಭೀರವಾಗಿ ತಲೆಯಾಡಿಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಮಾವ ಊರಿಗೆ ಬಂದಾಗಲೆಲ್ಲ ಒಬ್ಬರೇ ಜಗುಲಿಯಲ್ಲಿ ಎಲೆ ಹರಡಿ ಕೂರುತ್ತಿದ್ದರು. ಅಷ್ಟು ಹೊತ್ತಿಗೆ ಅಪ್ಪನೂ ಏನೂ ಅನ್ನದಷ್ಟು ಮುದುಕರಾಗಿದ್ದರು.

ಯೂರೋಪಿನವರು ಬರುವ ಮುಂಚೆ ನಮ್ಮಲ್ಲಿ ಎಲೆಯಾಟ ಇರಲಿಲ್ಲವೆಂದು ತಿಳಿಯಬಾರದು. ಗಂಜೀಫಾ ಇತ್ತು. ಬಾಬರ ತನ್ನ ಆತ್ಮಕಥೆಯಲ್ಲಿ 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು ಹೇಳುತ್ತಾನೆ. ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಹನ್ನೆರಡು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆಯ ಹಳೆಯ ಆಟವನ್ನು ವಿವರಿಸಿದ್ದಾನೆ. ಒಂದು ಬಣ್ಣಕ್ಕೆ ಅಶ್ವಪತಿ ಒಡೆಯ, ಇನ್ನೊಂದಕ್ಕೆ ಗಜಪತಿ, ಮತ್ತೊಂದಕ್ಕೆ ನರಪತಿ. ಗಜಪತಿಗೆ ಒರಿಸ್ಸಾದ ಅರಸನನ್ನೂ ಕಾಲಾಳಿನ ಬಲದ ನರಪತಿಗೆ ಬಿಜಾಪುರದ ಅರಸರನ್ನೂ ಅವನು ಉದಾಹರಿಸುತ್ತಾನೆ. ಆ ಬಿಜಾಪುರದವರ ಕೆಳಗೆ ನಮ್ಮ ಕೋಲಾರ ಹದಿನೇಳನೆಯ ಶತಮಾನದಲ್ಲಿ ಷಹಾಜಿಯ ಜಹಗೀರಾಗಿತ್ತು. ಮುಂದೆ ಸಾಮಾನ್ಯ ಬಳಕೆಗೆ ಬಂದ ಎಂಟು ಬಣ್ಣದ ಮೊಗಲ್ ಗಂಜೀಫಾದಲ್ಲಿ 'ಗುಲಾಮ' ಎನ್ನುವುದು ಒಂದು ಎಲೆಯಲ್ಲ, ಒಂದು ಬಣ್ಣದ ಹೆಸರು.

ಹಿಂದೂಗಳ ಮನೆಗಳಲ್ಲಿ ಅದೇ ಆಟ ದಶಾವತಾರವಾಯಿತು. ಹತ್ತು ಅವತಾರ, ಒಂದೊಂದಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತು, ಒಟ್ಟು 120 ದುಂಡು ಎಲೆಗಳು. ಮೂವರು ಆಟಗಾರರು, ತಲೆಗೆ ನಲವತ್ತು. ತುರುಪಿಲ್ಲ, ಜೊತೆಗಾರರಿಲ್ಲ. ಐದು ಅವತಾರಗಳಲ್ಲಿ ರಾಜ-ಮಂತ್ರಿಯ ನಂತರ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು. ಇದನ್ನು ನೆನಪಿಡುವುದರಲ್ಲೇ ಅರ್ಧ ಆಟ. ಮಹಾರಾಷ್ಟ್ರದ ಸಾವಂತವಾಡಿಯ ಕಡೆ ಹಗಲಲ್ಲಿ ಆಡಿದರೆ ರಾಮನಿರುವವರು, ರಾತ್ರಿ ಆಡಿದರೆ ಕೃಷ್ಣನಿರುವವರು ಮೊದಲು ಎಲೆ ಇಳಿಸುವ ಕ್ರಮವಿದೆ. ದೇವರ ಹೆಸರಿದ್ದ ಮಾತ್ರಕ್ಕೆ ಜೂಜು ನಿಂತಿತೆಂದು ನಾನು ನಂಬುವುದಿಲ್ಲ. ಮನೆಯ ಹಿರಿಯರ ಬಾಯಿ ಮುಚ್ಚಿಸಲು ಅದು ಒಳ್ಳೆಯ ಉಪಾಯವಂತೂ ಆಗಿರಬೇಕು. ಮೆಂತ್ಯದ ಡಬ್ಬಿಗಿಂತ ವಾಸಿ.

ಈ ಕಲೆಯನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರದು ರಾಜ್ಯಭಾರವಿಲ್ಲದ ರಾಜತನ. ವಿದ್ಯೆ, ಸಂಗೀತ, ಚದುರಂಗದ ಕುದುರೆ ನಡೆಯ ಸಮಸ್ಯೆಗಳು, ಹೀಗೆ ಅನೇಕ ಕಡೆ ಅವರ ಬುದ್ಧಿ ಹರಿಯಿತು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ 'ಛದ' ಎಂಬ ಹೆಸರಿನ ಹದಿಮೂರು ಎಲೆಯಾಟಗಳಿವೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಎಲ್ಲಕ್ಕಿಂತ ದೊಡ್ಡ ಕಟ್ಟಿನಲ್ಲಿ 360. ದೇವತೆಗಳು, ವಾಹನಗಳು, ಗ್ರಹಗಳು, ಎಲ್ಲವೂ ಬಣ್ಣಬಣ್ಣವಾಗಿ ಎಲೆಗಳ ಮೇಲೆ. ಆ ಚಿತ್ರಕಲೆ ಉಳಿಯಿತು. ಮೈಸೂರು ಗಂಜೀಫಾಕ್ಕೆ ಈ ಶತಮಾನದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಆಟಗಳು ಅರಮನೆಯ ಬಾಗಿಲು ದಾಟಿ ಜನರ ಕೈಗೆ ಬರಲಿಲ್ಲ.

ದಾಟುವುದಾದರೂ ಹೇಗೆ? 360 ಎಲೆಗಳನ್ನು ಯಾರು ಬರೆಸಿಕೊಂಡಾರು, ಯಾರು ಕಲೆಸಿಯಾರು, ಯಾವ ಚಾಪೆ ಸಾಲೀತು? ಒಂದೊಂದು ಎಲೆಯೂ ಕೈಯಿಂದ ಬರೆದದ್ದು. ಅದೇ ಕಾಲಕ್ಕೆ, 1830ರ ದಶಕದ ಆರಂಭದಲ್ಲಿ, ಲಂಡನ್ನಿನಲ್ಲಿ ಥಾಮಸ್ ದ ಲಾ ರೂ ಎಂಬಾತ ಬಣ್ಣದ ಇಸ್ಪೀಟನ್ನು ಯಂತ್ರದಲ್ಲಿ ಅಚ್ಚು ಹಾಕತೊಡಗಿದ್ದ. ಅಗ್ಗದ ಅಚ್ಚಿನ ಕಟ್ಟು ಬಂದ ಮೇಲೆ ದುಂಡು ಎಲೆ ಬರೆಯುವವರಿಗೆ ಗಿರಾಕಿ ಕಡಿಮೆಯಾದರು. ರಾಜನೊಬ್ಬ ಮೂವತ್ತು ನಲವತ್ತು ವರ್ಷ ಕೂತು ಮಾಡಿದ ದೊಡ್ಡ ದೊಡ್ಡ ಆಟಗಳು ಗಾಜಿನ ಪೆಟ್ಟಿಗೆ ಸೇರಿದವು. ರಾಜನಿಗೆ ಸೊನ್ನೆ ಕೊಡುವ ಮೂವತ್ತೆರಡು ಎಲೆಯ ಆಟವೊಂದು ನಮ್ಮ ಅಜ್ಜಿಯ ಹಿತ್ತಲಲ್ಲಿ ಬದುಕಿಕೊಂಡಿತ್ತು.

ಹಿತ್ತಲಲ್ಲಿ ಮಾತ್ರವಲ್ಲ. ಮಾಲೂರಿಗೆ ಮದುವೆಯಾಗಿ ಹೋದ ಮೇಲೆ ಹೆಂಚಿನ ಕಾರ್ಖಾನೆಗಳ ಮುಂದೆ ಲೋಡಿಗೆ ಕಾಯುವ ಲಾರಿಗಳ ನೆರಳಲ್ಲಿ ಎಲೆ ಹರಡಿ ಕೂತವರನ್ನು ದಿನವೂ ನೋಡಿದೆ. ಕೋಲಾರದ ಮಾರುಕಟ್ಟೆಯಲ್ಲಿ, ಟೊಮೇಟೊ ಹರಾಜಿನ ಸರದಿಗೆ ರಾತ್ರಿಯಿಡೀ ಕಾಯುವವರಲ್ಲಿಯೂ ಕಂಡಿದ್ದೇನೆ. ನಮ್ಮದು ನೀರಿಗೆ ಕಾಯುವ, ಮಳೆಗೆ ಕಾಯುವ, ದರಕ್ಕೆ ಕಾಯುವ ಜಿಲ್ಲೆ. ಕಾಯುವವರ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದರೇನೇ ಆಟ ಉಳಿಯುತ್ತದೆ.

ಕಾನೂನು ಸಹ ಅಜ್ಜಿಯ ಹಾಗೆಯೇ ಯೋಚಿಸಿತೆಂದು ತಿಳಿದಾಗ ನನಗೆ ನಗು ಬಂತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು, ಮೂರೆಲೆಯ ಆಟ ಬರಿಯ ಅದೃಷ್ಟದ್ದು, ರಮ್ಮಿ ಹಾಗಲ್ಲ, ಅದರಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕೆಂಬ ಚಾತುರ್ಯ ಬೇಕು ಎಂದಿತು. ಅಜ್ಜಿಯ 'ಗ್ಯಾನ' ಎಂಬ ಒಂದೇ ಮಾತಿನಲ್ಲಿ ಇದಷ್ಟೂ ಇದೆ. ಆದರೆ ಆ ಚಾತುರ್ಯವೆಂಬ ಮಾತನ್ನೇ ಹಿಡಿದುಕೊಂಡು ಮುಂದೆ ದುಡ್ಡು ಕಟ್ಟಿ ಆಡುವ ರಮ್ಮಿ ಮೊಬೈಲಿಗೆ ಬಂತು. ರಾಜ್ಯ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು 2022ರಲ್ಲಿ ಹೈಕೋರ್ಟು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅಷ್ಟರೊಳಗೆ ಆಗಬೇಕಾದದ್ದು ಅನೇಕ ಮನೆಗಳಲ್ಲಿ ಆಗಿಹೋಗಿತ್ತು. ಹೊಸತೊಡಕಿನ ಜೂಜು ವರ್ಷಕ್ಕೆ ಒಂದೆರಡು ದಿನ. ಇದಕ್ಕೆ ಹಬ್ಬವೂ ಬೇಡ, ಜೊತೆಗೆ ಕೂರುವವರೂ ಬೇಡ.

ಈಗ ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. 2023ರ ಜೂನ್, ಮಾವಿನ ಸುಗ್ಗಿಯ ಕೊನೆ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ನಾಲ್ಕು ಹುಡುಗಿಯರು ತಲೆ ತಗ್ಗಿಸಿ ಏನನ್ನೋ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೋಗಿ ನೋಡಿದರೆ ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ ಚೀಟಿಗಳು. 'ಎಲೆಯಾಟ ಆಡುತ್ತಿದ್ದೀರಾ, ಶಾಲೆಯಲ್ಲಿ?' ಎಂದು ಕೂಗಿ ಅಷ್ಟನ್ನೂ ಕಿತ್ತುಕೊಂಡು ಹರಿದು ಹಾಕಿದೆ. ಮೂವರು ಅಳುಮುಖ ಮಾಡಿದರು. ನಾಲ್ಕನೆಯವಳು ಅಳಲಿಲ್ಲ. ಬಗ್ಗಿ ಚೂರುಗಳನ್ನು ಒಂದೊಂದಾಗಿ ಆಯ್ದು ಅಂಗೈಯಲ್ಲಿಟ್ಟುಕೊಂಡಳು. "ಇದು ಜೂಜಲ್ಲ ಮಿಸ್, ಸೆಟ್ಟು" ಎಂದಳು. ಅವಳ ತಂದೆ ಮೊಬೈಲಿನ ರಮ್ಮಿಗೆ ಆ ವರ್ಷದ ಫಸಲನ್ನು ಕಾಯಿ ಕಚ್ಚುವ ಮೊದಲೇ ಅಡವಿಟ್ಟಿದ್ದನೆಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಅವಳ ಮುಂದೆ ಹಾಗೆ ಕೂಗಿದ್ದೆ.

ಅವಳ ಅಂಗೈಯಲ್ಲಿದ್ದ ಚೂರುಗಳ ಮೇಲೆ ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಎಂದು ದುಂಡಗೆ ಬರೆದಿತ್ತು.

ಅದು ನಾನೂ ಆಡಿದ ಆಟವೇ. ಅಪ್ಪ ಊರಲ್ಲಿದ್ದ ದಿನಗಳಲ್ಲಿ ಇಸ್ಪೀಟಿಗೆ ಬದಲು ನಾವು ಮಕ್ಕಳು ಚೀಟಿಗಳನ್ನೇ ಆಡುತ್ತಿದ್ದೆವು. ರಾಜ, ಮಂತ್ರಿ, ಕಳ್ಳ, ಪೊಲೀಸ್ ಒಂದು, ಸೆಟ್ಟು ಇನ್ನೊಂದು. ನಾಲ್ವರು ನಾಲ್ಕು ಹೆಸರು ಆರಿಸಿ ಒಂದೊಂದನ್ನು ನಾಲ್ಕು ಚೀಟಿಯ ಮೇಲೆ ಬರೆಯುವುದು, ಹದಿನಾರನ್ನೂ ಕಲೆಸಿ ತಲೆಗೆ ನಾಲ್ಕರಂತೆ ಹಂಚುವುದು, ಬೇಡದ ಒಂದನ್ನು ಪಕ್ಕದವರಿಗೆ ದಾಟಿಸುತ್ತಾ ಹೋಗುವುದು. ಒಂದೇ ಹೆಸರಿನ ನಾಲ್ಕೂ ಕೂಡಿದವರು 'ಸೆಟ್ಟು' ಎಂದು ನಡುವೆ ಕೈ ಇಡಬೇಕು. ಉಳಿದವರು ಅದರ ಮೇಲೆ ಕೈ ಇಡಬೇಕು. ನಾವು ಹೂವಿನ ಹೆಸರು ಬರೆಯುತ್ತಿದ್ದೆವು. ನೆನಪಿನ ಕೆಲಸ, ಕಣ್ಣಿನ ಕೆಲಸ, ಕೈಯ ಕೆಲಸ ಮೂರೂ ಅದರಲ್ಲಿ ಉಂಟು. ರಮ್ಮಿಯಲ್ಲಿರುವುದೂ ಇದೇ ಕೂಡಿಸುವ ಆಸೆ, ದುಡ್ಡು ಬೇರೆ.

ಅಂದು ಸಂಜೆ ಬಸ್ಸಿನಲ್ಲಿ ಬರುವಾಗ ಗಾಡಿಯ ಸದ್ದಿಗೆ ಎದ್ದು ಒಳಗೆ ಹೋಗುತ್ತಿದ್ದ ಅಪ್ಪನೇ ಕಣ್ಣ ಮುಂದೆ ಇದ್ದರು. ಅವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಆದರೆ ಆ ಸಿಟ್ಟು ಬಿದ್ದದ್ದು ತೋಪು ಗೆದ್ದವನ ಮೇಲಲ್ಲ, ಸೋತ ಚಿಕ್ಕಪ್ಪನ ಮೇಲೂ ಅಲ್ಲ, ಮೆಂತ್ಯದ ಡಬ್ಬಿಯ ಮೇಲೆ. ನನ್ನದೂ ಅಂಥದ್ದೇ ಜಾಗಕ್ಕೆ ಬಿದ್ದಿತ್ತು.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ರಾಶಿಯೇ ಇರುತ್ತದಲ್ಲ. ನಾಲ್ಕು ಆರಿಸಿ ಹದಿನಾರು ತುಂಡು ಕತ್ತರಿಸಿದೆ. ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆ ಹುಡುಗಿಯರನ್ನು ನಿಲ್ಲಿಸಿಕೊಂಡು ಮೇಜಿನ ಮೇಲೆ ಇಟ್ಟೆ. ಮೊದಲು ಯಾರೂ ಮುಟ್ಟಲಿಲ್ಲ. ನಾಲ್ಕನೆಯವಳೇ ಎತ್ತಿಕೊಂಡು, ಎರಡೂ ಬದಿ ತಿರುಗಿಸಿ ನೋಡಿ, "ಹಿಂದ್ಗಡೆ ಅಚ್ಚು ಬೇರೆಬೇರೆ ಇದೆ ಮಿಸ್, ಗೊತ್ತಾಗ್ಬಿಡುತ್ತೆ" ಎಂದಳು. ಬೆನ್ನಿಗೆ ಬಿಳಿ ಹಾಳೆ ಅಂಟಿಸಲು ಅವಳೇ ಅಂಟು ತಂದಳು. ಒಬ್ಬಳು ಬಸ್ಸಿಗೆ ಹೊತ್ತಾಯಿತೆಂದು ಹೋದದ್ದರಿಂದ ನಾಲ್ಕನೆಯ ಕೈ ನಾನಾದೆ.

ಮೊದಲು ಕೈ ಇಟ್ಟವರಿಗೆ 1000, ಆಮೇಲೆ 800, ಆಮೇಲೆ 500, ಕೊನೆಯವರಿಗೆ ಸೊನ್ನೆ ಎಂದು ಅವಳು ನಿಯಮ ಹೇಳಿದಳು. ನನ್ನ ಕೈಯಲ್ಲಿ ಮೂರು ತೋತಾಪುರಿ ಕೂಡಿದ್ದವು. ನಾಲ್ಕನೆಯದು ಯಾರ ಹತ್ತಿರ ಇದ್ದೀತೆಂದು ಅಜ್ಜಿಯ ಹಾಗೆ ಲೆಕ್ಕ ಹಾಕುತ್ತಾ ಕೂತಿದ್ದೆ. ತಲೆಯೆತ್ತಿ ನೋಡುವಷ್ಟರಲ್ಲಿ ಮೇಜಿನ ಮೇಲೆ ಮೂರು ಕೈಗಳು ಒಂದರ ಮೇಲೊಂದು ಕೂತಿದ್ದವು. ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು, ಕೊನೆಯ ಮನೆಯಲ್ಲಿ 'ಮಿಸ್' ಎಂದು ಬರೆದು, ಅದರ ಕೆಳಗೆ ಸೊನ್ನೆ ಹಾಕಿದಳು.